ನೆಲೋಗಿಯ ದಾರಿಯಲ್ಲಿ: ಭೀಮಾ ತೀರದ ಹೊಲಗಳು ಮತ್ತು ಬಸದಿಗಳ ನೆನಪು

ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ದರ್ಶನ ಮುಗಿಸಿ ಮಳಖೇಡದ ನೇಮಿನಾಥ ಬಸದಿಗೆ ಹೊರಡುವ ಯಾತ್ರಿಕರು ಸಾಮಾನ್ಯವಾಗಿ ಸಿಂದಗಿ, ಜೇವರ್ಗಿ, ಕಲಬುರಗಿ ಮಾರ್ಗವಾಗಿ ಸಾಗುತ್ತಾರೆ. ರಾಷ್ಟ್ರೀಯ ಹೆದ್ದಾರಿ 50ರ ಈ ದಾರಿಯಲ್ಲಿ ಸಿಂದಗಿ ದಾಟಿ ಜೇವರ್ಗಿ ಮುಟ್ಟುವ ಮೊದಲು ನೆಲೋಗಿ ಕ್ರಾಸ್ ಬರುತ್ತದೆ. ಹೆಚ್ಚಿನ ವಾಹನಗಳು ಇಲ್ಲಿ ನಿಲ್ಲುವುದಿಲ್ಲ. ಎರಡೂ ಬದಿ ಎರೆ ಹೊಲ, ತೊಗರಿ, ಹತ್ತಿ, ದೂರದಲ್ಲಿ ಬೇವಿನ ಮರಗಳು. ನೋಡುವಂಥದ್ದು ಇಲ್ಲೇನಿದೆ ಎಂದು ಯಾತ್ರಿಕರಿಗೆ ಅನ್ನಿಸುವುದು ಸಹಜ.

ಆದರೆ ಮಳಖೇಡದ ವೈಭವವನ್ನು ಸಾಕಿದ್ದು ಇಂಥ ಹೊಲಗಳೇ. ಭೀಮಾ ಮತ್ತು ಕಾಗಿಣಾ ನದಿಗಳ ಸೀಮೆಯ ಬಸದಿಗಳು ಬದುಕಿದ್ದು ರೈತರು ಉತ್ತ ಭೂಮಿಯ ಆದಾಯದಿಂದ. ಆ ಬಸದಿಗಳ ಅವಶೇಷ ಇಂದಿಗೂ ಎಷ್ಟೋ ಕಡೆ ರೈತರ ಹೊಲದಲ್ಲಿ, ಊರ ಕಟ್ಟೆಯ ಮೇಲೆ, ಅಗಸಿಯ ಪಕ್ಕದಲ್ಲಿ ಉಳಿದಿದೆ. ಆದ್ದರಿಂದ ಈ ಭಾಗದ ಜೈನ ಇತಿಹಾಸವನ್ನು ಅರಿಯಬೇಕಾದರೆ ಹಳ್ಳಿಯನ್ನೂ ಅದರ ಬೇಸಾಯವನ್ನೂ ಅರಿಯಬೇಕು.

ಊರು ಮತ್ತು ಸೀಮೆ

ನೆಲೋಗಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಗ್ರಾಮ. ಸುತ್ತಲಿನ ಹಳ್ಳಿಗಳಿಗೆ ಪೊಲೀಸ್ ಠಾಣೆ ಇರುವ ಊರು ಇದೇ. ರಾಜ್ಯದ ಜನರಿಗೆ ಈ ಹೆಸರು ಪರಿಚಯವಾದದ್ದು ಮಾಜಿ ಮುಖ್ಯಮಂತ್ರಿ ಎನ್. ಧರ್ಮಸಿಂಗ್ ಅವರಿಂದ. ಅವರು ಹುಟ್ಟಿದ್ದು 1936ರ ಡಿಸೆಂಬರ್ 25ರಂದು ಇದೇ ಊರಿನಲ್ಲಿ. ಜೇವರ್ಗಿ ಕ್ಷೇತ್ರದಿಂದ ಹಲವು ಬಾರಿ ವಿಧಾನಸಭೆಗೆ ಆಯ್ಕೆಯಾಗಿ, 2004ರ ಮೇ ತಿಂಗಳಿಂದ 2006ರ ಆರಂಭದವರೆಗೆ ಮುಖ್ಯಮಂತ್ರಿಯಾಗಿದ್ದರು. 2017ರ ಜುಲೈ 27ರಂದು ನಿಧನರಾದಾಗ ಅಂತ್ಯಕ್ರಿಯೆ ನಡೆದದ್ದೂ ನೆಲೋಗಿಯಲ್ಲೇ.

ಜೇವರ್ಗಿ, ಅಫಜಲಪುರ, ಆಳಂದ ಈ ಮೂರು ತಾಲ್ಲೂಕುಗಳು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ಆಳಂದದ ಆಚೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಹಾಗಾಗಿ ಇಲ್ಲಿನ ಜೈನ ಕುಟುಂಬಗಳಿಗೆ ಕಲಬುರಗಿಯಷ್ಟೇ ಸೊಲ್ಲಾಪುರವೂ ಹತ್ತಿರ. ವ್ಯಾಪಾರ, ನೆಂಟಸ್ತನ, ಶಾಸ್ತ್ರಗ್ರಂಥಗಳು ಎಲ್ಲಕ್ಕೂ ಆ ಕಡೆಯ ಒಡನಾಟ ಹಳೆಯದು.

ಭೀಮಾ ನದಿ ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರ ದಾಟಿ, ಅಫಜಲಪುರ ಮತ್ತು ಜೇವರ್ಗಿ ಸೀಮೆಯಲ್ಲಿ ಹರಿದು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಇದಕ್ಕೆ ಬ್ಯಾರೇಜ್ ಇದೆ. ಜೇವರ್ಗಿಯಿಂದ ಕಲಬುರಗಿಗೆ ಹೋಗುವವರು ಕಟ್ಟಿಸಂಗಾವಿ ಸೇತುವೆಯ ಮೇಲೆ ಈ ನದಿಯನ್ನು ದಾಟುತ್ತಾರೆ. ಬೇಸಿಗೆಯಲ್ಲಿ ಮರಳು ಕಾಣುವ ಇದೇ ನದಿ 2020ರ ಅಕ್ಟೋಬರ್‌ನಲ್ಲಿ ಉಕ್ಕಿ ತೀರದ ಹಳ್ಳಿಗಳಿಗೂ ನಿಂತ ಬೆಳೆಗೂ ನುಗ್ಗಿತ್ತು.

1948ರ ಸೆಪ್ಟೆಂಬರ್ 17ರವರೆಗೆ ಈ ಭಾಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಹಿಂದುಳಿದ ಈ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗೆ 2012ರ ಡಿಸೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ದೊರೆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಕಲ್ಯಾಣ ಕರ್ನಾಟಕ ಎಂದು ಬದಲಾಯಿತು.

ತೊಗರಿಯ ನಾಡು

ರಾಜ್ಯದ ಯಾವುದೇ ಜೈನ ಮನೆಯ ಅಡುಗೆಯಲ್ಲಿ ಕಲಬುರಗಿಯ ತೊಗರಿಬೇಳೆಗೆ ಸ್ಥಾನವಿದೆ. ಕರ್ನಾಟಕದಲ್ಲಿ ಅತಿ ಹೆಚ್ಚು ತೊಗರಿ ಬೆಳೆಯುವ ಜಿಲ್ಲೆ ಇದು. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ.

ತೊಗರಿ ಸುಮಾರು 5ರಿಂದ 6 ತಿಂಗಳ ಬೆಳೆ. ಜೂನ್, ಜುಲೈನಲ್ಲಿ ಮುಂಗಾರಿನ ಹದ ನೋಡಿ ಬಿತ್ತುತ್ತಾರೆ. ಸುಮಾರು 45 ದಿನ ಕಳೆದ ಮೇಲೆ ಕುಡಿ ಚಿವುಟುತ್ತಾರೆ; ಇದರಿಂದ ಗಿಡ ಎತ್ತರಕ್ಕೆ ಹೋಗದೆ ಪಕ್ಕಕ್ಕೆ ಟಿಸಿಲೊಡೆದು ಹೆಚ್ಚು ಕಾಯಿ ಕಟ್ಟುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೊಲವೆಲ್ಲ ಹಳದಿ ಹೂವು. ಡಿಸೆಂಬರ್, ಜನವರಿಯಲ್ಲಿ ರಾಶಿ. ಮುನಿಗಳ ಚಾತುರ್ಮಾಸದ ಕಾಲವೂ ಬಿತ್ತನೆಯಿಂದ ಹೂವಿನವರೆಗಿನ ಈ ಕಾಲವೂ ಬಹುಮಟ್ಟಿಗೆ ಒಂದೇ. ನೆಲದಲ್ಲಿ ಜೀವರಾಶಿ ತುಂಬಿರುವ ಮಳೆಗಾಲದಲ್ಲಿ ಮುನಿಗಳು ಒಂದೆಡೆ ನಿಲ್ಲುತ್ತಾರೆ, ರೈತ ಅದೇ ಜೀವಂತ ನೆಲದಲ್ಲಿ ಕಾಳು ಬಿತ್ತುತ್ತಾನೆ.

ಈ ಬೆಳೆಗೆ ಎರಡು ದೊಡ್ಡ ಕಂಟಕಗಳಿವೆ. ಒಂದು ಕಾಯಿಕೊರಕ ಹುಳು. ಇನ್ನೊಂದು ನೆಟೆ ರೋಗ. ನೆಟೆ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವ ರೋಗ. ಹೂವು ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗುತ್ತದೆ. 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿ ಬೆಳೆಗಾರರು ಈ ರೋಗದಿಂದ ದೊಡ್ಡ ನಷ್ಟ ಅನುಭವಿಸಿದರು. ರೋಗ ಬಂದ ಮೇಲೆ ಮಾಡಬಹುದಾದದ್ದು ಕಡಿಮೆ. ರೋಗ ತಡೆದುಕೊಳ್ಳುವ ತಳಿ, ಟ್ರೈಕೋಡರ್ಮಾದಿಂದ ಬೀಜೋಪಚಾರ, ಒಂದೇ ಹೊಲದಲ್ಲಿ ವರ್ಷವರ್ಷವೂ ತೊಗರಿ ಹಾಕದೆ ಜೋಳದೊಂದಿಗೆ ಬದಲಾಯಿಸುವುದು, ಇವೇ ಮುಂಜಾಗ್ರತೆಯ ದಾರಿಗಳು. ಕಾಯಿಕೊರಕಕ್ಕೆ ಮೋಹಕ ಬಲೆ ಕಟ್ಟುವುದು, ಹಕ್ಕಿಗಳು ಕೂತು ಹುಳು ಹೆಕ್ಕಲು ಹೊಲದಲ್ಲಿ ಕವಲು ಕೋಲು ನೆಡುವುದು ಮುಂತಾದ ಕ್ರಮಗಳಿಂದ ವಿಷದ ಸಿಂಪಡಣೆಯನ್ನು ತಗ್ಗಿಸಬಹುದು. ಬೇಸಾಯವನ್ನು ಉದ್ಯೋಗಿ ಹಿಂಸೆ ಎಂದು ಒಪ್ಪಿಕೊಂಡೇ ಆ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕೆನ್ನುವ ಶ್ರಾವಕ ಧರ್ಮಕ್ಕೆ ಇವು ಹತ್ತಿರದ ಕ್ರಮಗಳು.

ಜೇವರ್ಗಿ ತಾಲ್ಲೂಕಿನ ಕೆಲವು ಭಾಗಕ್ಕೆ ನಾರಾಯಣಪುರ ಎಡದಂಡೆ ಯೋಜನೆಯ ಜೇವರ್ಗಿ ಶಾಖಾ ಕಾಲುವೆಯಿಂದ ನೀರು ಬರುತ್ತದೆ. ಉಳಿದ ಕಡೆ ಮಳೆಯೇ ಆಧಾರ. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಭಜ್ಜಿ, ಕಡುಬು, ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭೂಮಿತಾಯಿಗೆ ನಮಿಸುವ ಹಬ್ಬ ಈ ಸೀಮೆಯಲ್ಲಿ ಜಾತಿ ಮತಗಳ ಗೆರೆ ಮೀರಿ ನಡೆಯುತ್ತದೆ.

ಹೊಲವೇ ಬಸದಿಯ ಆಸರೆ

ಸಾವಿರ ವರ್ಷದ ಹಿಂದೆ ಒಂದು ಬಸದಿ ಕಟ್ಟಿದರೆ ಅದು ನಡೆಯುವ ಬಗೆ ಹೇಗಿತ್ತು? ಇದಕ್ಕೆ ಉತ್ತರ ಶಾಸನಗಳಲ್ಲಿದೆ. ಬಸದಿ ಕಟ್ಟಿಸಿದವರು ಜೊತೆಗೆ ಇಷ್ಟು ಮತ್ತರು ಹೊಲ, ಇಷ್ಟು ತೋಟ, ಒಂದು ಗಾಣ, ಕೆಲವು ಮನೆ ನಿವೇಶನ ಎಂದು ದಾನ ಬಿಡುತ್ತಿದ್ದರು. ಹೊಲದ ಆದಾಯದಿಂದ ಜಿನರ ಅಭಿಷೇಕ ಮತ್ತು ಅಷ್ಟವಿಧಾರ್ಚನೆ, ಋಷಿಗಳ ಆಹಾರದಾನ, ಕಟ್ಟಡ ಶಿಥಿಲವಾದಾಗ ಜೀರ್ಣೋದ್ಧಾರ. ಗಾಣದ ಎಣ್ಣೆಯಿಂದ ನಂದಾದೀಪ. ಹೊಲದ ಮೇರೆಗಳನ್ನು ದಿಕ್ಕು ಸಹಿತ ಶಾಸನದಲ್ಲಿ ಬರೆಸುತ್ತಿದ್ದರು: ಮೂಡಲಲ್ಲಿ ಹಳ್ಳ, ತೆಂಕಲಲ್ಲಿ ಹೆದ್ದಾರಿ, ಹೀಗೆ.

ಕಲಬುರಗಿ ಜಿಲ್ಲೆಯ ಇಂಥ ಜೈನ ಶಾಸನಗಳನ್ನು ಊರೂರು ತಿರುಗಿ ಓದಿ, ಅರ್ಥ ಸಹಿತ ಪ್ರಕಟಿಸಿದವರು ಶಾಸನತಜ್ಞ ಪಿ.ಬಿ. ದೇಸಾಯಿ. ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1957ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಬಂತು. ಸೇಡಂ, ಅಡಕಿ, ಹರಸೂರು, ಹುಣಸಿ ಹಡಗಲಿ, ಇಂಗಳಗಿ ಮೊದಲಾದ ಹಳ್ಳಿಗಳ ಬಸದಿಗಳ ಕಥೆ ಬೆಳಕಿಗೆ ಬಂದದ್ದು ಹೀಗೆ.

ಇದರಲ್ಲಿ ಎರಡು ಉದಾಹರಣೆ ನೆನಪಿಡುವಂಥವು. ಚಿತ್ತಾಪುರ ತಾಲ್ಲೂಕಿನ ಇಂಗಳಗಿಯ 1094ರ ಶಾಸನ ಕಲ್ಯಾಣದ ಚಾಲುಕ್ಯ ಚಕ್ರವರ್ತಿ 6ನೇ ವಿಕ್ರಮಾದಿತ್ಯನ ರಾಣಿ ಜಾಕಲದೇವಿಯ ಬಗ್ಗೆ ಹೇಳುತ್ತದೆ. ಇಂಗುಣಿಗೆ ಎಂದು ಆಗ ಕರೆಯುತ್ತಿದ್ದ ಆ ಊರಿನ ಆಡಳಿತ ಅವಳ ಕೈಯಲ್ಲಿತ್ತು. ಅರಸನ ಒಲವು ಬೇರೆಯಾಗಿದ್ದರೂ ಅವಳು ಜಿನಭಕ್ತೆಯಾಗಿಯೇ ಉಳಿದು ಅಲ್ಲಿ ಜಿನಬಿಂಬವನ್ನು ಪ್ರತಿಷ್ಠೆ ಮಾಡಿಸಿದಳು. ಎರಡನೆಯದು ಸೇಡಂನದು. 12ನೇ ಶತಮಾನದ ಮೊದಲ ಭಾಗದಲ್ಲಿ ಅಲ್ಲಿನ ಮುನ್ನೂರು ಮಹಾಜನರು ಶಾಂತಿನಾಥ ಬಸದಿ ಕಟ್ಟಿಸಿದರು. ಮಹಾಜನರು ವೇದಾಧ್ಯಯನ ಮಾಡಿದ ಬ್ರಾಹ್ಮಣರು. ಊರ ಹಿರಿಯರೆಲ್ಲ ಸೇರಿ ಪರಮತದ ದೇಗುಲವನ್ನು ತಮ್ಮದೆಂದು ಕಟ್ಟಿದ ಉದಾಹರಣೆ ಇದು.

ಮಳಖೇಡ: ಸೀಮೆಯ ಹೃದಯ

ಈ ಎಲ್ಲ ಹಳ್ಳಿಗಳ ನಡುವಿನ ದೊಡ್ಡ ಹೆಸರು ಮಳಖೇಡ, ಅಂದಿನ ಮಾನ್ಯಖೇಟ. ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ದೂರದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿದೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ ಇಲ್ಲಿಂದ ಆಳಿದ. ಆದಿಪುರಾಣದ ಕರ್ತೃ ಜಿನಸೇನಾಚಾರ್ಯರು ಅವನಿಗೆ ಗುರುಸ್ಥಾನದಲ್ಲಿದ್ದರು. ಅವರು ಉಳಿಸಿದ್ದ ಭಾಗವನ್ನು ಶಿಷ್ಯ ಗುಣಭದ್ರಾಚಾರ್ಯರು ಪೂರ್ಣಗೊಳಿಸಿದರು. ಮಹಾವೀರಾಚಾರ್ಯರ ಗಣಿತಸಾರಸಂಗ್ರಹ, ಶಾಕಟಾಯನನ ವ್ಯಾಕರಣ, ಕನ್ನಡದ ಕವಿರಾಜಮಾರ್ಗ ಎಲ್ಲವೂ ಈ ಅರಸನ ಕಾಲದವು. ಮುಂದೆ 10ನೇ ಶತಮಾನದಲ್ಲಿ ಮುಮ್ಮಡಿ ಕೃಷ್ಣನ ಆಶ್ರಯದಲ್ಲಿ ಕವಿಚಕ್ರವರ್ತಿ ಪೊನ್ನ ಇದ್ದ. ಅಪಭ್ರಂಶ ಭಾಷೆಯ ಮಹಾಕವಿ ಪುಷ್ಪದಂತ ತನ್ನ ಮಹಾಪುರಾಣವನ್ನು ಬರೆದದ್ದೂ ಮಾನ್ಯಖೇಟದಲ್ಲೇ.

972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ನಗರವನ್ನು ಕೊಳ್ಳೆ ಹೊಡೆದ. ರಾಜಧಾನಿಯ ವೈಭವ ಹೋಯಿತು, ಆದರೆ ಧರ್ಮದ ನೆಲೆ ಹೋಗಲಿಲ್ಲ. ಮಳಖೇಡದಲ್ಲಿ ಭಟ್ಟಾರಕ ಪೀಠ ಮುಂದೆ ಬಹುಕಾಲ ಇತ್ತು. ಇಂದು ಅಲ್ಲಿನ ನೇಮಿನಾಥ ಬಸದಿಯಲ್ಲಿ ಹಳೆಯ ತೀರ್ಥಂಕರ ಬಿಂಬಗಳು, ಚೌವೀಸಿ, ನಂದೀಶ್ವರ ದ್ವೀಪ, ಯಕ್ಷಿಯರ ಮೂರ್ತಿಗಳ ಜೊತೆಗೆ 96 ಬಿಂಬಗಳಿರುವ ಪಂಚಲೋಹದ ಪುಟ್ಟ ಮಂದಿರವೊಂದಿದೆ. ದೂರದಿಂದ ಬರುವ ಯಾತ್ರಿಕರು ಇದರ ದರ್ಶನವನ್ನು ತಪ್ಪಿಸಬಾರದು.

ಬಸದಿಗಳು ಬರಿದಾದದ್ದು ಹೇಗೆ

ಇಷ್ಟು ಬಸದಿಗಳಿದ್ದ ನಾಡಿನಲ್ಲಿ ಇಂದು ಹೆಚ್ಚಿನ ಹಳ್ಳಿಗಳಲ್ಲಿ ಜೈನ ಮನೆಗಳು ಬೆರಳೆಣಿಕೆಯಷ್ಟು, ಹಲವೆಡೆ ಒಂದೂ ಇಲ್ಲ. ಇದಕ್ಕೆ ಒಂದೇ ಕಾರಣ ಹುಡುಕುವುದು ಸರಿಯಲ್ಲ.

12ನೇ ಶತಮಾನದಲ್ಲಿ ಇಲ್ಲಿ ಹೊಸ ಭಕ್ತಿಪಂಥಗಳು ಬೆಳೆದವು. ಜೈನರೊಂದಿಗೆ ವಾದಕ್ಕಿಳಿದ ಶಿವಭಕ್ತ ಏಕಾಂತದ ರಾಮಯ್ಯ ಆಳಂದದವನೇ ಎಂದು ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಹೇಳುತ್ತದೆ. ಆ ಕಾಲದ ಮತೀಯ ತಿಕ್ಕಾಟಕ್ಕೆ ಅದು ಸಾಕ್ಷಿ. ಆದರೆ ಅದೇ ಶತಮಾನದ ಸೇಡಂನಲ್ಲಿ ಮಹಾಜನರು ಬಸದಿ ಕಟ್ಟಿದ್ದೂ ಅಷ್ಟೇ ನಿಜ. ಅರಸು ಮನೆತನಗಳು ಬದಲಾದವು, ವರ್ತಕ ಸಂಘಗಳ ಬಲ ಕುಗ್ಗಿತು, 1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು, ಮತ್ತೆ ಮತ್ತೆ ಯುದ್ಧ ಮತ್ತು ಬರ ಬಂದವು.

ಇವೆಲ್ಲದರ ಪರಿಣಾಮ ಬಸದಿಗೆ ತಟ್ಟಿದ್ದು ಹೊಲದ ಮೂಲಕ. ದಾನದ ಭೂಮಿ ಕೈತಪ್ಪಿದಾಗ ಪೂಜೆಯ ಖರ್ಚು ನಿಂತಿತು. ಖರ್ಚು ನಿಂತಾಗ ಅರ್ಚಕರ ಮನೆ ಊರು ಬಿಟ್ಟಿತು. ಶ್ರಾವಕ ಕುಟುಂಬಗಳು ಕಲಬುರಗಿ, ಸೊಲ್ಲಾಪುರ, ಲಾತೂರು ಕಡೆಗೆ ಹೋದವು. ಸೋರುವ ಮಾಳಿಗೆಯನ್ನು ಕಟ್ಟುವವರಿಲ್ಲದೆ ಬಸದಿ ಕುಸಿಯಿತು. ಕಲ್ಲುಗಳು ಬಾವಿಕಟ್ಟೆಗೆ, ಕೋಟೆಗೆ, ಮನೆಯ ಮೆಟ್ಟಿಲಿಗೆ ಹೋದವು.

ಮಣ್ಣಿನಡಿ ಇರುವ ಇತಿಹಾಸ

ಭೀಮಾ ತೀರದ ನೆಲ ಏನನ್ನು ಬಚ್ಚಿಟ್ಟುಕೊಂಡಿದೆ ಎಂಬುದಕ್ಕೆ ಚಿತ್ತಾಪುರ ತಾಲ್ಲೂಕಿನ ಸನ್ನತಿಯೇ ನಿದರ್ಶನ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಛಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದು ಸಮ್ರಾಟ ಅಶೋಕನ ಶಾಸನ! ಅನಂತರ ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ಬೌದ್ಧ ಸ್ತೂಪವೂ ಅಶೋಕನ ಹೆಸರು ಬರೆದ ಶಿಲ್ಪವೂ ದೊರೆತವು. ಶತಮಾನಗಳ ಕಾಲ ಜನ ನಿತ್ಯ ಕೈಮುಗಿದ ಪೀಠದಲ್ಲೇ ಅಷ್ಟು ದೊಡ್ಡ ಇತಿಹಾಸವಿತ್ತು. ಕಲ್ಲು ಉಳಿದದ್ದು ಊರವರು ಅದನ್ನು ಪೂಜೆಯ ಸ್ಥಳದಲ್ಲಿ ಇಟ್ಟುಕೊಂಡದ್ದರಿಂದ.

ಜೈನ ಅವಶೇಷಗಳ ಸ್ಥಿತಿಯೂ ಹೀಗೆಯೇ. ಕಾಲುವೆ ತೋಡುವಾಗ, ರಸ್ತೆ ಅಗಲ ಮಾಡುವಾಗ, ಮನೆಯ ಬುನಾದಿ ಅಗೆಯುವಾಗ, ಹೊಲವನ್ನು ಯಂತ್ರದಿಂದ ಸಮ ಮಾಡುವಾಗ ಕಲ್ಲುಗಳು ಮೇಲೆ ಬರುತ್ತವೆ. ಎತ್ತಿನ ನೇಗಿಲು ಕಲ್ಲಿಗೆ ತಾಗಿದರೆ ರೈತ ನಿಂತು ನೋಡುತ್ತಿದ್ದ. ಯಂತ್ರಕ್ಕೆ ಆ ವ್ಯವಧಾನವಿಲ್ಲ. ಆದ್ದರಿಂದ ಗುರುತಿಸುವ ಕಣ್ಣು ಈಗ ಹಿಂದೆಂದಿಗಿಂತ ಅಗತ್ಯ.

ಗುರುತಿಸುವುದು ಹೇಗೆ

* ಜಿನಬಿಂಬ: ಕಾಯೋತ್ಸರ್ಗದಲ್ಲಿ ನೇರವಾಗಿ ನಿಂತಿರುತ್ತದೆ, ಇಲ್ಲವೇ ಪದ್ಮಾಸನದಲ್ಲಿ ಕುಳಿತಿರುತ್ತದೆ. ದಿಗಂಬರ ಬಿಂಬದಲ್ಲಿ ಬಟ್ಟೆಯ ಗೆರೆ ಇರುವುದಿಲ್ಲ. ತಲೆಯ ಮೇಲೆ ಮುಕ್ಕೊಡೆ. ಬುದ್ಧನ ಮೂರ್ತಿಯಲ್ಲಿ ಉಡುಪಿನ ಅಂಚು ಕಾಣುತ್ತದೆ, ಮುಕ್ಕೊಡೆ ಇರುವುದಿಲ್ಲ.
* ಹೆಡೆಗಳು: ಏಳು ಹೆಡೆ ಸಾಮಾನ್ಯವಾಗಿ ಪಾರ್ಶ್ವನಾಥ, ಐದು ಹೆಡೆ ಸುಪಾರ್ಶ್ವನಾಥ. ಹೆಡೆ ಕಂಡ ಕೂಡಲೇ ನಾಗರಕಲ್ಲು ಎಂದು ತಿಳಿಯಬಾರದು; ಕೆಳಗೆ ಮನುಷ್ಯಾಕೃತಿ ಇದೆಯೇ ನೋಡಬೇಕು.
* ಯಕ್ಷಿಯರು: ಮಾವಿನ ಗೊಂಚಲು, ಮಕ್ಕಳು, ಸಿಂಹ ಇದ್ದರೆ ಕೂಷ್ಮಾಂಡಿನಿ. ತಲೆಯ ಮೇಲೆ ಹಾವಿನ ಹೆಡೆ, ಅದರ ಮೇಲೆ ಪುಟ್ಟ ಜಿನಬಿಂಬ ಇದ್ದರೆ ಪದ್ಮಾವತಿ.
* ನಿಷಿಧಿ ಕಲ್ಲು: ಸಲ್ಲೇಖನದಿಂದ ದೇಹ ಬಿಟ್ಟವರ ನೆನಪಿನ ಕಲ್ಲು. ಮೇಲಿನ ಪಟ್ಟಿಕೆಯಲ್ಲಿ ಜಿನ, ಕೆಳಗೆ ಗುರು ಮತ್ತು ವ್ರತ ಹಿಡಿದವರು, ನಡುವೆ ಶಾಸ್ತ್ರ ಇಡುವ ವ್ಯಾಸಪೀಠ. ವೀರಗಲ್ಲಿನಲ್ಲಿ ಯುದ್ಧದ ದೃಶ್ಯವಿರುತ್ತದೆ.
* ದಾನಶಾಸನ: ನೆತ್ತಿಯಲ್ಲಿ ಕುಳಿತ ಜಿನ, ಸೂರ್ಯ, ಚಂದ್ರ, ಹಸು ಮತ್ತು ಕರು. ಬರಹ ಹೆಚ್ಚಾಗಿ ಜಿನಶಾಸನವನ್ನು ಸ್ತುತಿಸುವ ಸಂಸ್ಕೃತ ಶ್ಲೋಕದಿಂದ ಆರಂಭವಾಗುತ್ತದೆ.

ಕಲ್ಲು ಸಿಕ್ಕಾಗ ಏನು ಮಾಡಬೇಕು

ಮೊದಲನೆಯದು, ಇದ್ದ ಜಾಗದಿಂದ ಅಲುಗಿಸಬಾರದು. ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದೇ ಅರ್ಧ ಇತಿಹಾಸ. ನಾಲ್ಕೂ ಬದಿಯಿಂದ ಫೋಟೊ ತೆಗೆದು, ಹೊಲದ ಸರ್ವೆ ನಂಬರ್ ಬರೆದಿಡಬೇಕು. ಅಕ್ಷರಗಳಿದ್ದರೆ ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಸ್ಪಷ್ಟವಾಗಿ ಬರುತ್ತದೆ. ತಂತಿ ಬ್ರಷ್‌ನಿಂದ ಉಜ್ಜುವುದು, ಆಸಿಡ್ ಹಾಕುವುದು, ಎಣ್ಣೆ ಅಥವಾ ಬಣ್ಣ ಬಳಿಯುವುದು ಬೇಡ. ಅಕ್ಷರ ಒಮ್ಮೆ ಸವೆದರೆ ಮತ್ತೆ ಬಾರದು.

ಎರಡನೆಯದು, ಕಾನೂನು. ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯಡಿ 100 ವರ್ಷಕ್ಕಿಂತ ಹಳೆಯ ಶಿಲ್ಪ ಮತ್ತು 75 ವರ್ಷಕ್ಕಿಂತ ಹಳೆಯ ಮಹತ್ವದ ಹಸ್ತಪ್ರತಿ ಪುರಾತನ ವಸ್ತು ಎನಿಸುತ್ತವೆ. ಪರವಾನಗಿ ಇಲ್ಲದೆ ಇವುಗಳ ವ್ಯಾಪಾರ ಮಾಡುವುದು, ದೇಶದಿಂದ ಹೊರಗೆ ಸಾಗಿಸುವುದು ಅಪರಾಧ. ಬಸದಿಗಳಲ್ಲಿರುವ ಪ್ರಾಚೀನ ಬಿಂಬಗಳನ್ನು ಇದೇ ಕಾಯ್ದೆಯಂತೆ ನೋಂದಾಯಿಸಬೇಕು. ಬಿಂಬ ಕಳುವಾದರೆ ಅದು ಇಂಥ ಬಸದಿಯದೇ ಎಂದು ತೋರಿಸಲು ಫೋಟೊ ಸಹಿತ ನೋಂದಣಿಯೇ ಆಧಾರ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಮತ್ತು ತಹಶೀಲ್ದಾರ್ ಕಚೇರಿಗೆ ತಿಳಿಸಿದರೆ ಪುರಾತತ್ವ ಇಲಾಖೆಗೆ ವಿಷಯ ಮುಟ್ಟುತ್ತದೆ.

ಮೂರನೆಯದು, ಹೊಲದ ಒಡೆಯನ ವಿಶ್ವಾಸ. ಕಲ್ಲು ಸಿಕ್ಕ ಸುದ್ದಿ ಹೊರಬಿದ್ದರೆ ಜಮೀನು ಹೋಗುತ್ತದೆ ಎಂಬ ಭಯದಿಂದ ರೈತ ಅದನ್ನು ಮತ್ತೆ ಹೂಳಿಬಿಡಬಹುದು. ನಿಧಿಯಾಸೆಗೆ ಬಿಂಬ ಒಡೆಯುವ ಕಿಡಿಗೇಡಿಗಳ ಭಯ ಬೇರೆ. ಹಾಗಾಗಿ ಮೊದಲು ಆ ಮನೆಯವರೊಂದಿಗೆ ಕುಳಿತು ಮಾತಾಡುವುದು ಮುಖ್ಯ. ಊರವರು ಮೂರ್ತಿಯನ್ನು ಬೇರೆ ಹೆಸರಿನಲ್ಲಿ ಪೂಜಿಸುತ್ತಿದ್ದರೆ ಅದನ್ನು ತಮ್ಮದೆಂದು ಎತ್ತಿಕೊಂಡು ಹೋಗುವ ಮಾತು ಎತ್ತಬಾರದು. ಅಷ್ಟು ಕಾಲ ಕಾಪಾಡಿದವರು ಅವರೇ. ಅದು ಯಾರ ಬಿಂಬ, ಎಷ್ಟು ಹಳೆಯದು ಎಂದು ಗೌರವದಿಂದ ತಿಳಿಸಿ, ನೆರಳು ಮತ್ತು ಎತ್ತರದ ಕಟ್ಟೆ ಮಾಡಿಕೊಟ್ಟರೆ ಕಲ್ಲೂ ಉಳಿಯುತ್ತದೆ, ಊರಿನ ಸ್ನೇಹವೂ ಉಳಿಯುತ್ತದೆ.

ಯಾತ್ರೆಯ ದಾರಿಯಲ್ಲಿ

ವಿಜಯಪುರದಿಂದ ಸಿಂದಗಿ ಸುಮಾರು 60 ಕಿ.ಮೀ., ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿ.ಮೀ. ಬೆಳಿಗ್ಗೆ ವಿಜಯಪುರ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಕಲಬುರಗಿ ತಲುಪಿ, ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುತ್ತಲಿನ ಊರುಗಳಿಂದ ತಂದಿಟ್ಟ ಶಿಲ್ಪಗಳನ್ನು ನೋಡಿ, ಸಂಜೆಯೊಳಗೆ ಮಳಖೇಡದ ದರ್ಶನ ಮಾಡಬಹುದು. ಡಿಸೆಂಬರ್, ಜನವರಿ ಇದಕ್ಕೆ ಒಳ್ಳೆಯ ಕಾಲ. ಬಿಸಿಲು ಹದವಾಗಿರುತ್ತದೆ, ದಾರಿಯುದ್ದಕ್ಕೂ ತೊಗರಿ ರಾಶಿ ನಡೆಯುತ್ತಿರುತ್ತದೆ.

ಯಾತ್ರೆಗೆ ಹೊರಡುವ ಕುಟುಂಬಗಳು ದಾರಿಯ ಹಳ್ಳಿಯೊಂದರಲ್ಲಿ ಅರ್ಧ ಗಂಟೆ ನಿಲ್ಲುವುದನ್ನು ರೂಢಿ ಮಾಡಿಕೊಳ್ಳಬಹುದು. ಚಹಾ ಕುಡಿಯುತ್ತ ಕಟ್ಟೆಯ ಮೇಲಿನ ಹಿರಿಯರನ್ನು ಕೇಳಬೇಕು: "ಕಾಕಾ, ನಿಮ್ಮ ಊರಾಗ ಹಳೇ ಕಲ್ಲಿನ ಮೂರ್ತಿ, ಅಕ್ಷರ ಇರೋ ಕಲ್ಲು ಏನಾದ್ರೂ ಅದಾವೇನ್ರಿ?" ಪಿ.ಬಿ. ದೇಸಾಯಿ ಅವರಂಥ ವಿದ್ವಾಂಸರ ಶೋಧಕ್ಕೆ ಮೊದಲ ಸುಳಿವು ಕೊಟ್ಟದ್ದು ಊರ ಜನರ ಇಂಥ ಮಾತುಗಳೇ. ಮಕ್ಕಳ ಕೈಗೆ ಫೋನ್ ಕೊಟ್ಟು ಫೋಟೊ ತೆಗೆಸಿದರೆ ಅವರಿಗೂ ಗುರುತಿಸುವ ಅಭ್ಯಾಸವಾಗುತ್ತದೆ.

ಮನೆಗೆ ಮರಳುವಾಗ ಅದೇ ಊರಿನ ರೈತನಿಂದ ಹತ್ತು ಕಿಲೊ ತೊಗರಿ ಕೊಂಡು ತಂದರೆ ಇನ್ನೂ ಒಳ್ಳೆಯದು. ಸಾವಿರ ವರ್ಷದ ಹಿಂದೆ ಈ ಎರೆ ಹೊಲಗಳು ಬಸದಿಯ ದೀಪವನ್ನು ಉರಿಸಿದ್ದವು. ಇಂದು ಆ ಬಸದಿಗಳ ಕಲ್ಲುಗಳು ಉಳಿಯಬೇಕಾದರೆ ಹೊಲದ ಒಡೆಯನಿಗೂ ಶ್ರಾವಕನಿಗೂ ಪರಿಚಯ ಇರಬೇಕು.